ಮೃತನ ಸಾಲ ಯಾರ ಹೊಣೆ? : ಮಿತಾಕ್ಷರೆಯಿಂದ ಮುಂಬಯಿಯ ಕಾಯಿದೆಯವರೆಗೆ

೧

ಮನೆಯ ಯಜಮಾನನು ತೀರಿಕೊಂಡನೆಂದರೆ ಅವನ ಹೊಲಮನೆಗಳು ಯಾರ ಪಾಲಿಗೆ ಬಂದವೆಂದು ಊರೆಲ್ಲ ಕೇಳುತ್ತದೆ. ಅವನ ಸಾಲ ಯಾರ ಪಾಲಿಗೆ ಬಂದಿತೆಂದು ಕೇಳುವವನು ಒಬ್ಬನೇ. ಅವನು ಸಾಲ ಕೊಟ್ಟವನು. ವಿದ್ವತ್ಪ್ರಪಂಚದಲ್ಲಿಯೂ ಹೀಗೆಯೇ ಆಗಿದೆ. ವಿಜ್ಞಾನೇಶ್ವರನ ಹೆಸರನ್ನು ನಾವು ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದು, ಯಾಜ್ಞವಲ್ಕ್ಯಸ್ಮೃತಿಗೆ ಆತನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಬಂಗಾಳವೊಂದನ್ನುಳಿದು ಭರತಖಂಡದ ಬಹುಭಾಗಕ್ಕೆ ಧರ್ಮಶಾಸ್ತ್ರವಾಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನಾವು ಕೊಂಡಾಡುವ ಮಿತಾಕ್ಷರೆ ಬಹುಮಟ್ಟಿಗೆ ಅದರ ದಾಯವಿಭಾಗವೊಂದೇ. ೧೮೧೦ ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದುದೂ ಆ ಭಾಗವನ್ನೇ. ಅದಕ್ಕಿಂತ ಮೊದಲೇ ಬರುವ ಋಣಾದಾನ ಪ್ರಕರಣವನ್ನು ಓದುವವರು ವಿರಳ.

ಸ್ಮೃತಿಕಾರರ ದೃಷ್ಟಿ ಮಾತ್ರ ಬೇರೆಯಾಗಿದ್ದಿತು. ಮನುವಿನಲ್ಲಿಯೂ ನಾರದನಲ್ಲಿಯೂ ಹದಿನೆಂಟು ವ್ಯವಹಾರಪದಗಳ ಪೈಕಿ ಮೊದಲನೆಯದು ಋಣಾದಾನವೇ. ಆಸ್ತಿ ಹಂಚುವುದಕ್ಕೆ ಮುಂಚೆ ಸಾಲವನ್ನು ವಿಚಾರಿಸಬೇಕೆಂಬುದು ಆ ಕ್ರಮದಲ್ಲಿಯೇ ಅಡಗಿದೆ. ತಂದೆತಾಯಿಗಳ ತರುವಾಯ ಮಕ್ಕಳು ಆಸ್ತಿಯನ್ನೂ ಸಾಲವನ್ನೂ ಸಮನಾಗಿ ಹಂಚಿಕೊಳ್ಳಬೇಕೆಂದು ಯಾಜ್ಞವಲ್ಕ್ಯನು ಒಂದೇ ಉಸಿರಿನಲ್ಲಿ ವಿಧಿಸುತ್ತಾನೆ. ಈ ಎರಡರಲ್ಲಿ ಒಂದನ್ನು ಮಾತ್ರ ನಾವು ನೆನಪಿಟ್ಟೆವು.

ಪ್ರಕೃತ ಲೇಖನದ ಉದ್ದೇಶ ಮರೆತ ಆ ಇನ್ನೊಂದರ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು. ಮೃತನ ಸಾಲವನ್ನು ಮಗನು ತೀರಿಸಬೇಕಾದುದು ಅವನು ಮಗನಾಗಿರುವುದರಿಂದಲೋ, ಅಥವಾ ಆಸ್ತಿಯನ್ನು ಪಡೆದಿರುವುದರಿಂದಲೋ? ಒಂಬೈನೂರು ವರ್ಷಗಳ ಚರ್ಚೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ. ಇದು ಬರಿಯ ಗ್ರಂಥಸ್ಥ ಪ್ರಶ್ನೆಯಲ್ಲವೆಂಬುದು ಕೊನೆಗೆ ಸ್ಪಷ್ಟವಾದೀತು.

೨

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಬಗೆಹರಿಸಬೇಕು. ‘ಪಿತೃಋಣ’ವೆಂಬ ಮಾತನ್ನು ಜನರು ತಂದೆಯ ಕೈಸಾಲಕ್ಕೆ ಅನ್ವಯಿಸುವುದುಂಟು. ಇದು ಸರಿಯಲ್ಲ. ತೈತ್ತಿರೀಯ ಸಂಹಿತೆಯಲ್ಲಿ ಹೇಳಿರುವ ಋಷಿಋಣ, ದೇವಋಣ, ಪಿತೃಋಣಗಳು ಮನುಷ್ಯನು ಹುಟ್ಟುವಾಗಲೇ ಹೊತ್ತು ತರುವ ಋಣಗಳು. ಅಧ್ಯಯನದಿಂದ ಮೊದಲನೆಯದೂ, ಯಜ್ಞದಿಂದ ಎರಡನೆಯದೂ, ಸಂತಾನದಿಂದ ಮೂರನೆಯದೂ ತೀರುತ್ತವೆ. ತಂದೆಯು ಸಾಹುಕಾರನಿಂದ ತಂದ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಸಾಲಕ್ಕೆ ಶಾಸ್ತ್ರದಲ್ಲಿರುವ ಹೆಸರು ಪೈತೃಕ ಋಣ. ಹೆಸರುಗಳು ಹತ್ತಿರವಾಗಿದ್ದುದರಿಂದ ಭಾವನೆಗಳೂ ಬೆರೆತುಹೋದವು. ಸಾಹುಕಾರನ ಕಾಗದಕ್ಕೆ ಶ್ರಾದ್ಧದ ಪಾವಿತ್ರ್ಯ ಅಂಟಿಕೊಂಡಿತು.

ಈ ಬೆರಕೆಗೆ ಸ್ಮೃತಿಕಾರರೂ ಸ್ವಲ್ಪಮಟ್ಟಿಗೆ ಕಾರಣರು. ಉತ್ತಮರ್ಣರಿಂದಲೂ ಅಧಮರ್ಣರಿಂದಲೂ ತನ್ನನ್ನು ಬಿಡಿಸುವನೆಂಬ ಸ್ವಾರ್ಥದಿಂದಲೇ ತಂದೆಯು ಮಗನನ್ನು ಬಯಸುತ್ತಾನೆಂದು ನಾರದನು ಹೇಳುತ್ತಾನೆ. ತಪಸ್ವಿಯಾಗಲಿ, ಅಗ್ನಿಹೋತ್ರಿಯಾಗಲಿ, ಸಾಲವಿಟ್ಟು ಸತ್ತರೆ ಅವನ ತಪಸ್ಸೂ ಅಗ್ನಿಹೋತ್ರದ ಫಲವೂ ಸಾಲ ಕೊಟ್ಟವನಿಗೆ ಸೇರುತ್ತವೆಂದು ಎಚ್ಚರಿಸುತ್ತಾನೆ. ಸಾಲಗಾರನು ಮರುಜನ್ಮದಲ್ಲಿ ಧನಿಕನ ಮನೆಯಲ್ಲಿ ದಾಸನಾಗಿಯೋ ಪಶುವಾಗಿಯೋ ಹುಟ್ಟುತ್ತಾನೆಂಬ ಮಾತೂ ಸ್ಮೃತಿಗಳಲ್ಲಿ ಬರುತ್ತದೆ. ಹೀಗಿರುವಾಗ ತಂದೆಯನ್ನು ಆ ಗತಿಯಿಂದ ಪಾರುಮಾಡುವುದು ಮಗನ ಧರ್ಮವೆಂದಾದುದು ಸಹಜ.

ಆದರೆ ಈ ಧರ್ಮಕ್ಕೆ ಯಾಜ್ಞವಲ್ಕ್ಯನು ಹಾಕಿದ ಎಲ್ಲೆಗಳನ್ನು ಗಮನಿಸಬೇಕು. ತಂದೆಯು ಪರದೇಶಕ್ಕೆ ಹೋಗಿದ್ದರೆ, ಸತ್ತಿದ್ದರೆ, ಅಥವಾ ತೀರದ ವ್ಯಸನಕ್ಕೆ ಸಿಕ್ಕಿದ್ದರೆ ಮಕ್ಕಳೂ ಮೊಮ್ಮಕ್ಕಳೂ ಸಾಲವನ್ನು ಕೊಡಬೇಕು. ಅವರು ಅಲ್ಲಗಳೆದರೆ ಧನಿಕನು ಸಾಕ್ಷಿಗಳಿಂದ ಸಿದ್ಧಪಡಿಸಬೇಕು. ಹೆಂಡಕ್ಕಾಗಿ, ಕಾಮಕ್ಕಾಗಿ, ಜೂಜಿಗಾಗಿ ಮಾಡಿದ ಸಾಲವನ್ನೂ, ದಂಡ ಸುಂಕಗಳ ಬಾಕಿಯನ್ನೂ, ವ್ಯರ್ಥದಾನದ ಮಾತನ್ನೂ ಮಗನು ತೀರಿಸಬೇಕಾಗಿಲ್ಲ. ಗಂಡ ಅಥವಾ ಮಗನ ಸಾಲಕ್ಕೆ ಹೆಂಗಸು ಹೊಣೆಯಲ್ಲ. ಮಗನ ಸಾಲಕ್ಕೆ ತಂದೆಯೂ ಹೊಣೆಯಲ್ಲ. ಹೆಂಡತಿಯ ಸಾಲಕ್ಕೆ ಗಂಡನೂ ಹೊಣೆಯಲ್ಲ. ಕುಟುಂಬದ ಪೋಷಣೆಗಾಗಿ ಮಾಡಿದ್ದರೆ ಮಾತ್ರ ಈ ನಿಯಮ ಸಡಿಲುತ್ತದೆ. ತಾನು ಒಪ್ಪಿಕೊಂಡ, ಗಂಡನೊಡನೆ ಕೂಡಿ ಮಾಡಿದ, ಅಥವಾ ತಾನೇ ಮಾಡಿದ ಸಾಲವನ್ನಷ್ಟೇ ಹೆಂಗಸು ಕೊಡಬೇಕು. ಇದಕ್ಕೊಂದು ಸ್ವಾರಸ್ಯವಾದ ಅಪವಾದವಿದೆ: ದನಗಾಹಿ, ಹೆಂಡ ಮಾರುವವ, ನಟ, ಅಗಸ, ಬೇಡ ಇವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ಕೊಡಬೇಕು. ಕಾರಣವನ್ನೂ ಸ್ಮೃತಿಯೇ ಕೊಡುತ್ತದೆ: ಅವರ ಜೀವನವು ಆ ಹೆಂಗಸರ ದುಡಿಮೆಯನ್ನು ಆಶ್ರಯಿಸಿದೆ. ಇಲ್ಲಿ ಹೊಣೆ ರಕ್ತಸಂಬಂಧವನ್ನು ಹಿಡಿದು ಬಂದಿಲ್ಲ. ಪ್ರಯೋಜನವನ್ನು ಹಿಡಿದು ಬಂದಿದೆ.

ತಲೆಮಾರಿನ ಲೆಕ್ಕವನ್ನು ಬೃಹಸ್ಪತಿಯು ಇನ್ನಷ್ಟು ನಯವಾಗಿ ಮಾಡಿದ್ದಾನೆ. ತಂದೆಯ ಸಾಲವನ್ನು ಮಗನು ತನ್ನದೆಂಬಂತೆ ಬಡ್ಡಿಸಹಿತ ಕೊಡಬೇಕು, ಅಜ್ಜನ ಸಾಲವಾದರೆ ಮೊಮ್ಮಗನು ಅಸಲನ್ನಷ್ಟೇ ಕೊಟ್ಟರೆ ಸಾಕು, ಮರಿಮಗನು ಕೊಡಬೇಕಾಗಿಲ್ಲ. ಹೊಣೆಯು ತಲೆಮಾರಿಗೊಮ್ಮೆ ತಗ್ಗುತ್ತ ಬಂದು ಅಳಿದುಹೋಗಬೇಕೆಂಬುದು ಇದರ ತಾತ್ಪರ್ಯ.

ಎಲ್ಲಕ್ಕಿಂತ ಮುಖ್ಯವಾದುದು ಯಾಜ್ಞವಲ್ಕ್ಯನ ಇನ್ನೊಂದು ವಿಧಿ. ಮೃತನ ರಿಕ್ಥವನ್ನು, ಎಂದರೆ ಆಸ್ತಿಯನ್ನು, ಯಾರು ಹಿಡಿದಿರುವರೋ ಅವರಿಂದ ಸಾಲವನ್ನು ಕೊಡಿಸಬೇಕು. ಅವನ ಹೆಂಡತಿಯನ್ನು ಪರಿಗ್ರಹಿಸಿದವನಿಂದಲೂ ಕೊಡಿಸಬೇಕು. ಆಸ್ತಿ ಬೇರೆಯವರನ್ನು ಸೇರದಿದ್ದಾಗ ಮಗನಿಂದ ಕೊಡಿಸಬೇಕು. ಧನವನ್ನು ಪಡೆದವನು, ಸ್ತ್ರೀಯನ್ನು ಪರಿಗ್ರಹಿಸಿದವನು, ಪುತ್ರ ಎಂಬ ಮೂವರಲ್ಲಿ ಸಾಲಕ್ಕೆ ಮೊದಲ ಬಾಧ್ಯನು ಧನ ಪಡೆದವನೇ ಎಂದು ನಾರದನು ಇದನ್ನು ಸ್ಪಷ್ಟಪಡಿಸುತ್ತಾನೆ. ಅಂದಮೇಲೆ ಪುತ್ರತ್ವ ಮತ್ತು ರಿಕ್ಥ ಎಂಬ ಎರಡು ಎಳೆಗಳೂ ನಮ್ಮ ಶಾಸ್ತ್ರದಲ್ಲಿಯೇ ಹೆಣೆದುಕೊಂಡಿದ್ದವು. ಆಸ್ತಿಯಷ್ಟೇ ಹೊಣೆಯೆಂಬ ತತ್ತ್ವವನ್ನು ಇಂಗ್ಲಿಷರು ಹೊರಗಿನಿಂದ ತಂದರೆಂದು ಸಾರಾಸಗಟಾಗಿ ಹೇಳುವವರು ಋಣಾದಾನ ಪ್ರಕರಣವನ್ನು ಪೂರ್ತಿಯಾಗಿ ನೋಡಿದವರಲ್ಲ.

ಲೇವಾದೇವಿಯ ಒಳಹೊರಗನ್ನು ಬಲ್ಲವರಿಗೆ ಈ ಪ್ರಕರಣದ ಉಳಿದ ವಿಧಿಗಳೂ ಆಶ್ಚರ್ಯವನ್ನುಂಟುಮಾಡುತ್ತವೆ. ಸಾಲಗಾರನು ಹಣವನ್ನು ಕಂತುಕಂತಾಗಿ ಕೊಟ್ಟಾಗಲೆಲ್ಲ ಪತ್ರದ ಬೆನ್ನಿನ ಮೇಲೆ ಅದನ್ನು ಬರೆಯಬೇಕು. ಪೂರ್ತಿಯಾಗಿ ಕೊಟ್ಟಮೇಲೆ ಪತ್ರವನ್ನು ಹರಿದುಹಾಕಬೇಕು. ಜಾಮೀನು ಮೂರು ವಿಧ: ಸಾಲಗಾರನನ್ನು ಹಾಜರುಪಡಿಸುವೆನೆಂಬುದು, ಅವನು ನಂಬಿಕಸ್ಥನೆಂಬುದು, ಅವನು ಕೊಡದಿದ್ದರೆ ತಾನು ಕೊಡುವೆನೆಂಬುದು. ಮೊದಲೆರಡು ಬಗೆಯ ಜಾಮೀನುದಾರನು ಸತ್ತರೆ ಅವನ ಮಕ್ಕಳಿಗೆ ಹೊಣೆಯಿಲ್ಲ. ಮೂರನೆಯ ಬಗೆಯವನ ಮಕ್ಕಳಿಗೆ ಮಾತ್ರ ಉಂಟು.

೩

ಇಷ್ಟು ನಯವಾಗಿ ಹೊಸೆದ ಶಾಸ್ತ್ರವು ಕಂಪನಿ ಸರಕಾರದ ಕಚೇರಿಗಳಿಗೆ ಬಂದಾಗ ಅದರ ಎಲ್ಲೆಗಳು ಸವೆದವು, ಹೊಣೆ ಉಳಿಯಿತು. ಹಿಂದೂಗಳ ಕೌಟುಂಬಿಕ ವ್ಯಾಜ್ಯಗಳನ್ನು ಶಾಸ್ತ್ರಾನುಸಾರ ತೀರ್ಮಾನಿಸಬೇಕೆಂದು ವಾರನ್ ಹೇಸ್ಟಿಂಗ್ಸನು ೧೭೭೨ ರಲ್ಲಿ ಗೊತ್ತುಮಾಡಿದನು. ನ್ಯಾಯಾಲಯಗಳಲ್ಲಿ ಪಂಡಿತರು ವ್ಯವಸ್ಥೆ ಹೇಳುತ್ತಿದ್ದರು. ೧೮೬೪ ರಲ್ಲಿ ಆ ಹುದ್ದೆಗಳೂ ರದ್ದಾದವು. ಆ ಬಳಿಕ ಶಾಸ್ತ್ರವೆಂದರೆ ಭಾಷಾಂತರಗಳು ಮತ್ತು ಹಿಂದಿನ ತೀರ್ಪುಗಳು.

ಒಂದೊಂದು ಪ್ರಾಂತದಲ್ಲಿ ಒಂದೊಂದು ದಾರಿ ಬಿದ್ದಿತು. ಇತರೆಡೆಗಳಲ್ಲಿ ತಂದೆಯಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ ಮಗನು ಹೊಣೆಯೆಂಬ ಅಭಿಪ್ರಾಯ ನೆಲೆಗೊಂಡರೆ, ಮುಂಬಯಿ ಪ್ರಾಂತದ ನ್ಯಾಯಾಲಯಗಳು ಸ್ಮೃತಿವಚನವನ್ನು ಅಕ್ಷರಶಃ ಹಿಡಿದವು. ತಂದೆ ಕವಡೆಕಾಸನ್ನೂ ಬಿಟ್ಟು ಹೋಗದಿದ್ದರೂ ಮಗನು ತನ್ನ ಸ್ವಂತ ಸಂಪಾದನೆಯಿಂದ ಸಾಲ ತೀರಿಸಬೇಕೆಂದಾಯಿತು. ಹಿಂದೆ ಈ ವಿಧಿಯ ಹಿಂದಿದ್ದುದು ಪರಲೋಕದ ಭಯ, ಊರವರ ಮಾತು, ಪಂಚಾಯತಿಯ ಕಟ್ಟು. ಈಗ ಬಂದುದು ೧೮೫೯ ರ ಸಿವಿಲ್ ಪ್ರೊಸೀಜರ್ ಕಾಯಿದೆಯ ಜಪ್ತಿ, ಹರಾಜು ಮತ್ತು ಸಾಲಗಾರರ ಸೆರೆಮನೆ. ಧರ್ಮವೆಂದು ಹೇಳಿದ್ದು ಡಿಕ್ರಿಯಾಗಿ ಮಾರ್ಪಟ್ಟಿತು. ಇವೆರಡಕ್ಕೂ ಇರುವ ಅಂತರ ಸಾಮಾನ್ಯವಾದುದಲ್ಲ.

ಈ ಕಷ್ಟವನ್ನು ನಿವಾರಿಸಲು ಬಂದುದು ಮುಂಬಯಿಯ ೧೮೬೬ ರ ಏಳನೆಯ ಕಾಯಿದೆ, ಹಿಂದೂ ವಾರಸುದಾರರ ಪರಿಹಾರ ಕಾಯಿದೆ. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಏರಿದ ಹತ್ತಿಯ ಧಾರಣೆ ೧೮೬೫ ರಲ್ಲಿ ಕುಸಿದು, ಮುಂಬಯಿಯ ಷೇರುಪೇಟೆ ಮುರಿದುಬಿದ್ದ ಮರುವರ್ಷವದು. ಆಗ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳೂ, ೧೮೬೨ ರಲ್ಲಿ ಮದರಾಸಿನಿಂದ ಬೇರ್ಪಟ್ಟು ಬಂದ ಉತ್ತರ ಕನ್ನಡವೂ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಸೀಮೆಯ ಕನ್ನಡಿಗರಿಗೆಲ್ಲ ಈ ಕಾಯಿದೆಯೇ ಅನ್ವಯಿಸಿತು. ಮಗ ಅಥವಾ ಮೊಮ್ಮಗನೆಂಬ ಕಾರಣ ಮಾತ್ರದಿಂದ ಯಾರೂ ಮೃತನ ಸಾಲಕ್ಕೆ ಹೊಣೆಯಲ್ಲ; ಕೈಗೆ ಬಂದ ಮೃತನ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಇದು ಆ ಕಾಯಿದೆಯ ತಿರುಳು.

ಅದರಲ್ಲಿ ಇನ್ನೊಂದು ವಿಧಿಯೂ ಉಂಟು. ಹಿಂದೂ ವಿಧವೆಯನ್ನು ಮದುವೆಯಾದವನು, ಆ ಮದುವೆಯ ಕಾರಣದಿಂದಲೇ, ಅವಳ ಮೊದಲ ಗಂಡನ ಸಾಲಕ್ಕೆ ಹೊಣೆಯಾಗುವುದಿಲ್ಲ. ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಮೂಲವನ್ನು ಹುಡುಕುವವರಿಗೆ ಈ ವಿಧಿ ವಿಚಿತ್ರವಾಗಿ ತೋರೀತು. ಯಾಜ್ಞವಲ್ಕ್ಯನನ್ನು ಓದಿದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಮೃತನ ಹೆಂಡತಿಯನ್ನು ಪರಿಗ್ರಹಿಸಿದವನಿಂದ ಸಾಲ ಕೊಡಿಸಬೇಕೆಂಬ ಆ ಪ್ರಾಚೀನ ವಿಧಿಯನ್ನು, ವಿಧವಾವಿವಾಹವನ್ನು ಕ್ರಮಬದ್ಧಗೊಳಿಸಿದ ೧೮೫೬ ರ ಕಾಯಿದೆ ಬಂದ ಹತ್ತು ವರ್ಷಗಳಿಗೆ, ಮುಂಬಯಿಯ ಶಾಸಕರು ಹೆಸರೆತ್ತದೆ ತೆಗೆದುಹಾಕಿದರು. ಹೀಗೆ ಒಂದು ಚಿಕ್ಕ ಕಾಯಿದೆ ಸ್ಮೃತಿಯ ಮೂವರು ಬಾಧ್ಯರಲ್ಲಿ ಇಬ್ಬರನ್ನು, ಪುತ್ರನನ್ನೂ ಸ್ತ್ರೀಯನ್ನು ಪರಿಗ್ರಹಿಸಿದವನನ್ನೂ, ಬಿಟ್ಟುಕೊಟ್ಟು ಧನ ಪಡೆದವನೊಬ್ಬನನ್ನೇ ಉಳಿಸಿಕೊಂಡಿತು.

೪

ಕಾಯಿದೆ ಬಂದಿತು, ರೈತನ ಹೊರೆ ಇಳಿಯಲಿಲ್ಲ. ಏಕೆ?

೧೮೫೯ ರ ಕಾಲಮಿತಿ ಕಾಯಿದೆಯು ನೋಂದಣಿಯಾಗದ ಸಾಲಪತ್ರಕ್ಕೆ ಮೂರು ವರ್ಷಗಳ ಅವಧಿಯನ್ನು ಗೊತ್ತುಮಾಡಿತ್ತು. ಸಾಲಗಾರನಿಗೆ ರಕ್ಷಣೆಯಾಗಲೆಂದು ಮಾಡಿದ ಈ ಏರ್ಪಾಡು ತಿರುಗುಬಾಣವಾಯಿತು. ಅವಧಿ ತೀರುವ ಮುನ್ನ ಸಾಹುಕಾರನು ಹಳೆಯ ಅಸಲಿಗೆ ಬಡ್ಡಿಯನ್ನು ಕೂಡಿಸಿ ಹೊಸ ಪತ್ರವನ್ನು ಬರೆಸಿಕೊಳ್ಳುವನು. ಬಡ್ಡಿಯೇ ಅಸಲಾಗಿ, ಆ ಅಸಲಿಗೆ ಮತ್ತೆ ಬಡ್ಡಿ ಹುಟ್ಟುವುದು. ಯಜಮಾನನು ಸತ್ತರೆ ಮುಂದಿನ ಪತ್ರಕ್ಕೆ ಮಗನ ಹೆಬ್ಬೆಟ್ಟು ಬೀಳುವುದು. ಆ ಕ್ಷಣದಲ್ಲಿ ಏನಾಯಿತೆಂಬುದನ್ನು ಯೋಚಿಸಬೇಕು. ೧೮೬೬ ರ ಕಾಯಿದೆ ರಕ್ಷಿಸಿದುದು ವಾರಸುದಾರನನ್ನು. ಹೊಸ ಪತ್ರಕ್ಕೆ ಹೆಬ್ಬೆಟ್ಟನ್ನೊತ್ತಿದವನು ಇನ್ನು ವಾರಸುದಾರನಲ್ಲ, ತಾನೇ ಸಾಲಗಾರ. ತಂದೆಯ ಆಸ್ತಿ ಎಷ್ಟಿತ್ತೆಂಬ ಪ್ರಶ್ನೆಯೇ ಅಲ್ಲಿಗೆ ಮುಗಿಯಿತು. ಕಾಯಿದೆಯು ಮುಂಬಾಗಿಲಿನಿಂದ ಹೊರಗೆ ಹಾಕಿದ ಹೊಣೆಯನ್ನು ಸಾಹುಕಾರನು ಹಿತ್ತಿಲಿನಿಂದ ಒಳಗೆ ತಂದಿಟ್ಟನು. ರೈತನು ಹೆಬ್ಬೆಟ್ಟನ್ನೊತ್ತಿದುದಕ್ಕೆ ಎರಡು ಕಾರಣಗಳು: ಮುಂದಿನ ಬಿತ್ತನೆಗೆ ಮತ್ತೆ ಆ ಸಾಹುಕಾರನ ಬಾಗಿಲಿಗೇ ಹೋಗಬೇಕೆಂಬ ಅನಿವಾರ್ಯತೆ; ಅಪ್ಪನ ಹೆಸರಿಗೆ ಕಳಂಕ ಬಾರದಿರಲೆಂಬ ಮರ್ಯಾದೆ.

೧೮೭೫ ರ ಮೇ ೧೨ ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಗಲಭೆಯು ಅಹಮದನಗರ ಜಿಲ್ಲೆಗೂ ಹಬ್ಬಿತು. ಈ ದಂಗೆಯಲ್ಲಿ ಎದ್ದು ಕಾಣುವ ಅಂಶವೆಂದರೆ, ರೈತರು ಮುಖ್ಯವಾಗಿ ಹುಡುಕಿದುದು ಹಣವನ್ನಲ್ಲ, ಕಾಗದಗಳನ್ನು. ಸಾಲಪತ್ರಗಳನ್ನೂ ಡಿಕ್ರಿಗಳನ್ನೂ ಕಿತ್ತುಕೊಂಡು ಸುಟ್ಟರು. ಸಾಲ ತೀರಿದಮೇಲೆ ಪತ್ರವನ್ನು ಹರಿಯಬೇಕೆಂದು ಸ್ಮೃತಿ ಹೇಳಿತ್ತು. ಎಷ್ಟು ಕೊಟ್ಟರೂ ಹರಿಯದ ಪತ್ರಗಳನ್ನು ರೈತರು ಬೆಂಕಿಗೆ ಹಾಕಿದರು. ಸರಕಾರ ನೇಮಿಸಿದ ವಿಚಾರಣಾ ಆಯೋಗವು ರೈತರ ಸಾಲಭಾರಕ್ಕೆ ಕೊಟ್ಟ ಕಾರಣಗಳಲ್ಲಿ ತಂದೆ ತಾತಂದಿರಿಂದ ಬಂದ ಸಾಲವೂ ಒಂದು.

ಇದರ ಫಲವಾಗಿ ೧೮೭೯ ರಲ್ಲಿ ದಖ್ಖಣದ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಪೂರ್ತಿಯಾಗಿ ಅನ್ವಯಿಸಿದ ಇದರ ಬಹುಭಾಗವು ಮುಂದೆ ಪ್ರಾಂತದ ಇತರ ಜಿಲ್ಲೆಗಳಿಗೂ ಹಬ್ಬಿತು. ನ್ಯಾಯಾಧೀಶನು ಮುಂದಿರುವ ಪತ್ರವನ್ನಷ್ಟೇ ನೋಡಿ ತೀರ್ಪು ಕೊಡಕೂಡದು. ವ್ಯವಹಾರ ಮೊದಲಾದಂದಿನಿಂದ ಲೆಕ್ಕವನ್ನು ಬಿಚ್ಚಬೇಕು. ಅಸಲನ್ನೂ ಬಡ್ಡಿಯನ್ನೂ ಬೇರೆಬೇರೆ ಬರೆಯಬೇಕು. ನಡುವೆ ಬರೆಸಿಕೊಂಡ ಒಪ್ಪಂದಗಳಿಗೆ ಕಟ್ಟುಬೀಳಬೇಕಾಗಿಲ್ಲ. ಸಾಲಕೊಟ್ಟವನು ರಸೀದಿಯನ್ನೂ ವಾರ್ಷಿಕ ಲೆಕ್ಕವನ್ನೂ ಕೊಡಬೇಕು. ಪತ್ರದ ಬೆನ್ನಿನ ಮೇಲೆ ಪಾವತಿಯನ್ನು ಬರೆಯಬೇಕೆಂದ ಯಾಜ್ಞವಲ್ಕ್ಯನ ಮಾತಿಗೆ ಏಳೆಂಟುನೂರು ವರ್ಷಗಳ ಹಿಂದೆ ವ್ಯಾಖ್ಯಾನ ಬರೆದಿದ್ದವನು ಕಲ್ಯಾಣದ ವಿಜ್ಞಾನೇಶ್ವರ. ಅದೇ ವಿವೇಕವನ್ನು ಸರಕಾರವು ದಂಗೆಯ ಬಳಿಕ ಹೊಸದಾಗಿ ಕಂಡುಕೊಂಡಿತು. ಬಡ್ಡಿಯು ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನಿಯಮವೂ ಹೊಸದಲ್ಲ. ಅದರ ಬೇರು ಮನುವಿನಲ್ಲಿದೆ.

೫

ಇನ್ನೊಂದು ಕವಲನ್ನೂ ಇಲ್ಲಿ ನೋಡಬೇಕು. ಮಗನ ಸ್ವಂತ ಸಂಪಾದನೆ ಉಳಿಯಿತು, ಸರಿ. ಆದರೆ ‘ತಂದೆಯ ಆಸ್ತಿ’ ಎಂದರೆ ಯಾವುದು? ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಾಗಿದ್ದಲ್ಲಿ ಮಗನ ಪಾಲು ತಂದೆಯ ಸಾಲಕ್ಕೆ ಹೋಗಕೂಡದು. ಹೋಗಬೇಕೆಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಅದಕ್ಕೆ ಕೊಟ್ಟ ಕಾರಣ ತಂದೆಯ ಋಣವನ್ನು ತೀರಿಸಬೇಕಾದ ಮಗನ ಧರ್ಮ. ಗಿರ್ಧಾರಿಲಾಲ್-ಕಾಂತೂಲಾಲ್ ಮೊಕದ್ದಮೆಯಲ್ಲಿ (೧೮೭೪) ತಂದೆ ಬದುಕಿರುವಾಗಲೇ ಈ ಹೊಣೆ ಉಂಟೆಂದಾಯಿತು. ಬ್ರಿಜ್ ನಾರಾಯಣ್-ಮಂಗಲಾ ಪ್ರಸಾದ್ ಮೊಕದ್ದಮೆಯಲ್ಲಿ (೧೯೨೩) ನಿಯಮಗಳನ್ನು ಕ್ರೋಡೀಕರಿಸಿದರು: ಅನೀತಿಯದಲ್ಲದ ಸಾಲಕ್ಕೆ ಡಿಕ್ರಿಯಾದರೆ ಕುಟುಂಬದ ಆಸ್ತಿಯೆಲ್ಲ ಬಾಧ್ಯ, ಅಡವು ಮಾಡಬೇಕಾದರೆ ಮಾತ್ರ ಕುಟುಂಬದ ಅಗತ್ಯವಾಗಲಿ, ನಿಜವಾಗಿಯೂ ಮೊದಲೇ ಇದ್ದ ಸಾಲವಾಗಲಿ ಇರಬೇಕು, ತಂದೆ ಬದುಕಿದ್ದಾನೆಯೇ ಸತ್ತಿದ್ದಾನೆಯೇ ಎಂಬುದರಿಂದ ಭೇದವಿಲ್ಲ. ಮಸೀತುಲ್ಲಾ-ದಾಮೋದರ ಪ್ರಸಾದ್ ಮೊಕದ್ದಮೆಯಲ್ಲಿ (೧೯೨೬) ಈ ಹೊಣೆಯನ್ನು ಮರಿಮಗನವರೆಗೂ ಚಾಚಿದರು. ಮೊಮ್ಮಗನಿಗೆ ಬಡ್ಡಿಯ ಬಿಡುಗಡೆಯನ್ನೂ ಮರಿಮಗನಿಗೆ ಪೂರ್ಣ ಬಿಡುಗಡೆಯನ್ನೂ ಕೊಟ್ಟಿದ್ದ ಬೃಹಸ್ಪತಿಯ ದಯೆ ಅಲ್ಲಿಗೆ ಅಳಿಯಿತು.

ಪರಿಣಾಮವನ್ನು ಹೀಗೆ ಹೇಳಬಹುದು. ತಂದೆಯನ್ನು ನರಕದಿಂದ ಪಾರುಮಾಡಲೆಂದು ಹೇಳಿದ ಧರ್ಮವು ಮಗನ ಜನ್ಮಸಿದ್ಧ ಹಕ್ಕನ್ನು ಹರಾಜಿಗೆ ಹಾಕುವ ಸಾಧನವಾಯಿತು. ಮಗನಿಗೆ ಉಳಿದ ದಾರಿ ಒಂದೇ: ಆ ಸಾಲ ‘ಅವ್ಯಾವಹಾರಿಕ’ವಾದುದು, ಎಂದರೆ ನೀತಿಗೆ ವ್ಯವಹಾರಕ್ಕೆ ಹೊರತಾದುದು ಎಂದು ಸಿದ್ಧಪಡಿಸುವುದು. ಸತ್ತ ತಂದೆಯು ಕುಡುಕನೋ ಜೂಜುಗಾರನೋ ಆಗಿದ್ದನೆಂದು ಮಗನು ಕಟಕಟೆಯಲ್ಲಿ ನಿಂತು ಹೇಳಬೇಕಾದ ಸ್ಥಿತಿ ಬಂದಿತು. ತಂದೆಯ ಸದ್ಗತಿಗೆಂದು ಹುಟ್ಟಿದ ವಿಧಿಯು ತಂದೆಯ ಮಾನವನ್ನು ಬೀದಿಗೆ ತಂದಿತು.

ಯಾವುದು ಅವ್ಯಾವಹಾರಿಕವೆಂಬ ಬಗ್ಗೆ ತೀರ್ಪುಗಳು ಒಂದೇ ದಾರಿಯಲ್ಲಿ ನಡೆದಿಲ್ಲ. ನೀರಿನ ಹರಿವನ್ನು ತಂದೆಯು ಅಕ್ರಮವಾಗಿ ತಡೆದುದಕ್ಕೆ ವಿಧಿಸಿದ ನಷ್ಟಪರಿಹಾರವನ್ನು ಮಗನು ಕೊಡಬೇಕಾಗಿಲ್ಲವೆಂದು ಮುಂಬಯಿ ಹೈಕೋರ್ಟು ೧೯೦೮ ರಲ್ಲಿ ಹೇಳಿತು. ಧಾರವಾಡದ ನಗರ ಸಹಕಾರಿ ಬ್ಯಾಂಕೊಂದು ಮುಳುಗಿದಾಗ ಅದರ ಮ್ಯಾನೇಜಿಂಗ್ ಡೈರೆಕ್ಟರರಿಂದ ಹಣ ವಸೂಲು ಮಾಡಲು ಆಜ್ಞೆಯಾಗಿ ಅವರ ಬಂಗಲೆ ಹರಾಜಾಯಿತು. ಕರ್ತವ್ಯಲೋಪದಿಂದ ಬಂದ ಈ ಹೊಣೆಗೆ ತಮ್ಮ ಪಾಲು ಸೇರಕೂಡದೆಂದು ಮಕ್ಕಳು ವಾದಿಸಿದರು. ೧೯೫೮ ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಅವ್ಯಾವಹಾರಿಕವೆಂದು ಒಪ್ಪದೆ, ಮಕ್ಕಳ ಪಾಲೂ ಹರಾಜಿನಲ್ಲಿ ಹೋಯಿತೆಂದು ತೀರ್ಮಾನಿಸಿತು. ಕಲ್ಯಾಣದಲ್ಲಿ ಬರೆದ ಗ್ರಂಥದ ಒಂದು ಪದದ ಮೇಲೆ ಧಾರವಾಡದ ಒಂದು ಮನೆಯ ಗತಿ ಎಂಟುನೂರು ವರ್ಷಗಳ ತರುವಾಯವೂ ನಿಂತಿದ್ದಿತು.

ನಮ್ಮ ನಾಡಿನ ಎಲ್ಲರೂ ಈ ಚೌಕಟ್ಟಿನೊಳಗೆ ಇರಲಿಲ್ಲವೆಂಬುದನ್ನೂ ಸ್ಮರಿಸಬೇಕು. ಮುಂಬಯಿಯಲ್ಲಿ ನೆಲೆಸಿರುವ ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ತಂದೆಯು ಮಗನ ಕುಟುಂಬಕ್ಕೆ ಸೇರಿದವನೇ ಅಲ್ಲ. ಆದುದರಿಂದ ತಂದೆಯ ಸಾಲ ಮಗನಿಗೆ ತಟ್ಟುತ್ತಿರಲಿಲ್ಲ. ಅಲ್ಲಿ ಕೇಳುತ್ತಿದ್ದ ಪ್ರಶ್ನೆ, ಯಜಮಾನನು ಮಾಡಿದ ಸಾಲ ಕುಟುಂಬದ ಅಗತ್ಯಕ್ಕೋ ಅಲ್ಲವೋ ಎಂಬುದು. ಮುಸಲ್ಮಾನರ ಧರ್ಮಶಾಸ್ತ್ರದಲ್ಲಿ ಉತ್ತರಕ್ರಿಯೆಯ ವೆಚ್ಚವೂ ಸಾಲವೂ ತೀರಿದಮೇಲೆ ಉಳಿದುದೇ ಪಾಲಿಗೆ ಬರತಕ್ಕದ್ದು. ಪ್ರತಿ ವಾರಸುದಾರನೂ ತನಗೆ ಬಂದ ಪಾಲಿನ ಪ್ರಮಾಣಕ್ಕೆ ಮಾತ್ರ ಹೊಣೆ. ಮೂರು ಪದ್ಧತಿಗಳು ಮೂರು ದಾರಿಗಳಿಂದ ಬಂದು ರಿಕ್ಥವೆಂಬ ಒಂದೇ ಕಟ್ಟೆಯ ಬಳಿ ಕೂಡುತ್ತವೆ.

೬

ಪುತ್ರತ್ವದ ಎಳೆ ಕೊನೆಗೂ ಕಡಿದುದು ತೀರ ಈಚೆಗೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ೨೦೦೫ ರಲ್ಲಿ ಬಂದ ತಿದ್ದುಪಡಿಯನ್ನು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕಾಯಿದೆಯೆಂದೇ ಎಲ್ಲರೂ ಬಲ್ಲರು. ಕರ್ನಾಟಕ ಮಹಾರಾಷ್ಟ್ರಗಳು ೧೯೯೪ ರಲ್ಲಿಯೇ ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದ್ದವು. ಆ ತಿದ್ದುಪಡಿಯ ಅದೇ ಆರನೆಯ ಕಲಮಿನಲ್ಲಿ ಇನ್ನೊಂದು ಉಪಕಲಮಿದೆ. ೨೦೦೫ ರ ಸೆಪ್ಟೆಂಬರ್ ೯ ರಿಂದೀಚೆಗೆ ತಂದೆ, ಅಜ್ಜ, ಮುತ್ತಜ್ಜರ ಸಾಲವನ್ನು ಹಿಂದೂ ಧರ್ಮದ ಪವಿತ್ರ ಹೊಣೆಯೆಂಬ ಕಾರಣವೊಂದರಿಂದಲೇ ಮಗ, ಮೊಮ್ಮಗ, ಮರಿಮಗನಿಂದ ವಸೂಲು ಮಾಡುವ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡತಕ್ಕದ್ದಲ್ಲ. ಅದಕ್ಕೆ ಮುಂಚಿನ ಸಾಲಗಳಿಗೆ ಮಾತ್ರ ಹಳೆಯ ನಿಯಮವನ್ನು ಉಳಿಸಲಾಗಿದೆ. ಪಾಲು ಪಡೆದ ಮಗಳಿಗೆ ಆ ಆಸ್ತಿಯ ಸಂಬಂಧದ ಹೊಣೆಗಳೂ ಮಗನಿಗಿರುವಂತೆಯೇ ಬಂದವು. ರಿಕ್ಥವೂ ಋಣವೂ ಸಮವೆಂದ ಯಾಜ್ಞವಲ್ಕ್ಯನ ವಿಧಿಯೊಳಗೆ ಮಗಳೂ ಸೇರಿದಳು.

ಈಗ ಉಳಿದುದು ೧೯೦೮ ರ ಸಿವಿಲ್ ಪ್ರೊಸೀಜರ್ ಸಂಹಿತೆಯ ಸಾಮಾನ್ಯ ನಿಯಮ. ಮೃತನ ಕಾನೂನುಬದ್ಧ ಪ್ರತಿನಿಧಿಯು ತನ್ನ ಕೈಗೆ ಬಂದ, ಸಕ್ರಮವಾಗಿ ವಿನಿಯೋಗವಾಗದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ. ಸಾಲಕ್ಕೆ ತಾನೂ ಕೂಡಿ ಸಹಿ ಹಾಕಿದವನು ಮತ್ತು ಜಾಮೀನು ನಿಂತವನು ತಮ್ಮ ಮಾತಿಗೆ ತಾವು ಹೊಣೆ. ಅವರು ಮಗನೋ ಹೆಂಡತಿಯೋ ನೆರೆಯವನೋ ಎಂಬುದು ಅಪ್ರಸ್ತುತ. ಒತ್ತೆಯಿಟ್ಟ ಚಿನ್ನವಾಗಲಿ ಅಡವು ಮಾಡಿದ ಮನೆಯಾಗಲಿ ಸಾಲ ತೀರುವವರೆಗೆ ಬಿಡುಗಡೆಯಾಗುವುದಿಲ್ಲ. ಠೇವಣಿಗೆ ನಾಮಿನಿಯಾದವನು ಹಣವನ್ನು ಪಡೆಯುವ ಅಧಿಕಾರವುಳ್ಳವನೇ ಹೊರತು ಅದರ 
ಒಡೆಯನಲ್ಲ.

ಪ್ರಕೃತ ಲೇಖಕನು ಬ್ಯಾಂಕಿನ ನೌಕರಿಯಲ್ಲಿರುವವನು. ಈ ನಿಯಮಗಳನ್ನು ದಿನವೂ ಹೇಳಬೇಕಾಗಿ ಬರುವುದರಿಂದಲೇ ಇವುಗಳ ಚರಿತ್ರೆಯನ್ನು ಹುಡುಕುವ ಆಸೆ ಹುಟ್ಟಿತು. ಕೆಲವು ವರ್ಷಗಳ ಹಿಂದೆ ಬಿಜಾಪುರ ಸೀಮೆಯಿಂದ ಬಂದು ಈ ನಗರದಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳೊಬ್ಬಳು, ಗಂಡ ತೀರಿಕೊಂಡ ಹದಿನೈದು ದಿನಗಳೊಳಗೆ, ಒಂದು ಮುದ್ರಿತ ಕಾಗದವನ್ನು ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಗಂಡನು ಖಾಸಗಿಯವನೊಬ್ಬನಿಂದ ತಂದಿದ್ದ ಕೈಸಾಲಕ್ಕೆ ಬಡ್ಡಿಯನ್ನು ಕೂಡಿಸಿ, ಆಕೆಯ ಹೆಸರಿನಲ್ಲಿ ಹೊಸದಾಗಿ ಬರೆದ ಪತ್ರವದು. “ಸಹಿ ಮಾಡ್ಲಿಲ್ಲಂದ್ರ ಅವರ ಆತ್ಮಕ್ಕ ಶಾಂತಿ ಸಿಗೂದಿಲ್ಲ ಅಂತಾರ್ರೀ ಸಾಹೇಬ್ರ, ಏನ್ ಮಾಡ್ಲಿ?” ಎಂದು ಕೇಳಿದಳು. ಗಂಡನು ಬಿಟ್ಟುಹೋದ ಆಸ್ತಿ ಏನೂ ಇರಲಿಲ್ಲ. ಆ ಕಾಗದವನ್ನು ನೋಡಿದಾಗ ನನಗೆ ನೆನಪಾದುದು ಸುಪೆಯ ರೈತರು ಸುಟ್ಟ ಪತ್ರಗಳು. ಅದೇ ಬಡ್ಡಿ ಸೇರಿದ ಅಸಲು, ಅದೇ ಹೊಸ ಹೆಸರು, ಅದೇ ಪರಲೋಕದ ಬೆದರಿಕೆ. ಸಹಿ ಮಾಡಬೇಡವೆಂದು ಹೇಳಿ ಕಳುಹಿಸಿದೆ. ಗಂಡನ ಸಾಲಕ್ಕೆ ಹೆಂಗಸು ತಾನು ಒಪ್ಪದೆ ಹೊಣೆಯಲ್ಲವೆಂದು ಯಾಜ್ಞವಲ್ಕ್ಯನೇ ಹೇಳಿದ್ದಾನೆಂಬುದನ್ನೂ ತಿಳಿಸಿದೆ. ಕಾಯಿದೆಯ ಮಾತಿಗಿಂತ ಆ ಮಾತಿನಿಂದ ಆಕೆಗೆ ಹೆಚ್ಚು ಸಮಾಧಾನವಾದಂತೆ ತೋರಿತು.

ಸಾಲವನ್ನು ಮುಳುಗಿಸುವುದು ಒಳ್ಳೆಯದೆಂದು ಹೇಳುವ ಉದ್ದೇಶ ನನ್ನದಲ್ಲ. ಬ್ಯಾಂಕಿನವನು ಹಾಗೆ ಹೇಳಲೂಬಾರದು. ಕೊಟ್ಟವನ ಹಣವೂ ಯಾರದೋ ಬೆವರಿನ ಹಣವೇ. ಮೃತನು ಆಸ್ತಿಯನ್ನು ಬಿಟ್ಟಿದ್ದರೆ ಸಾಲ ಮೊದಲು, ಪಾಲು ಆ ಮೇಲೆ. ಆಸ್ತಿಯಿಲ್ಲದಿದ್ದರೂ ತಂದೆಯ ಮೇಲಣ ಪ್ರೀತಿಯಿಂದ ತನ್ನ ದುಡಿಮೆಯಲ್ಲಿ ಆ ಸಾಲವನ್ನು ತೀರಿಸುವ ಮಗನನ್ನೋ ಮಗಳನ್ನೋ ಕಂಡರೆ ಯಾರಿಗಾದರೂ ಗೌರವ ಹುಟ್ಟುತ್ತದೆ. ಆದರೆ ಅದು ಅವರು ತಾವಾಗಿ ಆರಿಸಿಕೊಂಡ ಧರ್ಮವಾಗಿರಬೇಕು. ಸೂತಕದ ಮನೆಯಲ್ಲಿ ಹೆದರಿಸಿ ಬರೆಸಿಕೊಂಡ ಪತ್ರವಾಗಬಾರದು. ೧೮೬೬ ರ ಕಾಯಿದೆಯನ್ನು ನಿಷ್ಫಲಗೊಳಿಸಿದುದು ಕಾಯಿದೆಯ ದೋಷಕ್ಕಿಂತ ಹೆಚ್ಚಾಗಿ ಅದನ್ನರಿಯದ ಹೆಬ್ಬೆಟ್ಟು. ೨೦೦೫ ರ ತಿದ್ದುಪಡಿಗೂ ಅದೇ ಗತಿ ಬಾರದಿರಬೇಕಾದರೆ ಮೂರು ಮಾತುಗಳು ಮನೆಮನೆಗೂ ತಿಳಿದಿರಬೇಕು. ಮೃತನ ಸಾಲ ಮೃತನ ಆಸ್ತಿಯಿಂದ ತೀರತಕ್ಕದ್ದು. ಲೆಕ್ಕವನ್ನು ಮೊದಲಿನಿಂದ ಬಿಚ್ಚಿ ತೋರಿಸೆಂದು ಕೇಳುವುದು ವಾರಸುದಾರನ ಹಕ್ಕು. ಲೆಕ್ಕ ತಿಳಿಯುವ ಮುನ್ನ ಯಾವ ಹೊಸ ಕಾಗದಕ್ಕೂ ಸಹಿ ಹಾಕಕೂಡದು.